ಜೋಡಿಕೆರೆ ಏರಿಗೆ ಗರಿಕೆ ಹೊದಿಸಿದ ಪಾಪಯ್ಯ

ಹೊಳೆನರಸೀಪುರದಿಂದ ಹಾಸನದ ಕಡೆಗೆ ಹೋಗುವ ಹಳಿಯ ಮೇಲೆ ಬೆಳಗಿನ ಮಂಜು ಇನ್ನೂ ಕದಲಿಲ್ಲ. ಹತ್ತು ಮಾರು ಆಚೆಗೆ ಏನೂ ಕಾಣದು, ಆದರೆ ಸದ್ದು ಕೇಳಿಸುತ್ತದೆ. ಠಣ್, ಠಣ್, ಠಣ್, ಆಮೇಲೆ ಒಂದು ಸಲ ಡೊಬ್. ಡೊಬ್ ಎಂದ ಕಡೆ ಹೆಜ್ಜೆ ನಿಲ್ಲುತ್ತದೆ, ಎರಡು ಏಟು ಬೀಳುತ್ತವೆ. ಮತ್ತೆ ಠಣ್ ಎಂದ ಮೇಲೆಯೇ ಹೆಜ್ಜೆ ಮುಂದೆ ಸಾಗುತ್ತದೆ.

ಮಂಜಿನೊಳಗಿಂದ ಹೊರಬರುವವರು ಪಾಪಯ್ಯ. ಐವತ್ತಾರರ ವಯಸ್ಸು, ತಲೆಗೆ ಸುತ್ತಿದ ಟವೆಲ್ಲು, ಕಾಲಿಗೆ ಟೈರಿನ ಚಪ್ಪಲಿ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಹಸಿರು ಬಾವುಟ. ರೈಲ್ವೆಯ ಲೆಕ್ಕದಲ್ಲಿ ಅವರು ಕೀ ಮ್ಯಾನ್. ಹಳಿಯನ್ನು ಅಡಿಯ ಸ್ಲೀಪರ್ ದಿಮ್ಮಿಗೆ ಕಚ್ಚಿ ಹಿಡಿಯುವ ಕಬ್ಬಿಣದ ಬೆಣೆಗಳಿಗೆ ಕೀ ಎನ್ನುತ್ತಾರೆ. ಗಾಡಿ ಓಡಿದಷ್ಟೂ ಅವು ಸಡಿಲವಾಗುತ್ತವೆ, ಇವರು ದಿನವೂ ಬಿಗಿ ಮಾಡುತ್ತಾರೆ. ಹೋಗುವಾಗ ಬಲಗಡೆಯ ಹಳಿ, ಬರುವಾಗ ಇನ್ನೊಂದು. ನಾಲ್ಕು ಮೈಲಿ ಹೋಗಿ ನಾಲ್ಕು ಮೈಲಿ ಬಂದರೆ ಒಂದು ದಿನದ ಕೆಲಸ.

"ಬಿಗಿಯಾಗಿರೋ ಕೀ ಮಾತಾಡ್ತದೆ ಸಾ, ಸಡ್ಲ ಆಗಿರೋದು ಗೊಣಗ್ತದೆ" ಎನ್ನುತ್ತಾರೆ. "ಗೊಣಗೋರ್ನ ಅಂಗೇ ಬುಡಬಾರ್ದು."

ಮನೆಯಲ್ಲೂ ಎಲ್ಲಕ್ಕೂ ಹೀಗೇ ಲೆಕ್ಕ ಎಂದು ಹೆಂಡತಿ ಪಾರ್ವತಮ್ಮ ನಗುತ್ತಾರೆ. "ಬಾಗ್ಲಿಂದ ಬಾವಿಗೆ ನಲವತ್ತೊಂದು ಎಜ್ಜೆ ಅಂತೆ. ನಾನು ನೀರು ತರೋಳು, ಎಣಿಸೋರು ಇವ್ರು."

ಏಳೂವರೆಯ ಹೊತ್ತಿಗೆ ಪಾಪಯ್ಯ ಜೋಡಿಕೆರೆ ತಿರುವಿಗೆ ಬಂದು ನಿಲ್ಲುತ್ತಾರೆ. ಎರಡು ಕೆರೆಗಳ ನಡುವೆ ಮಣ್ಣು ಪೇರಿಸಿ ಎತ್ತರಿಸಿದ ಏರಿಯ ಮೇಲೆ ಹಳಿ ಇಲ್ಲಿ ಬಾಗುತ್ತದೆ. ಬೆಳಗಿನ ಗಾಡಿ ಈ ಸೀಮೆಯ ಸಂಬಳದವರ, ಕಾಲೇಜಿನವರ, ಮೊಸರು ಮಾರುವವರ ಗಾಡಿ. ಒಂಬತ್ತು ವರ್ಷದ ಕೆಳಗೆ, ಸಾವಿರದ ಒಂಬೈನೂರ ಐವತ್ತೇಳರ ಆಷಾಢದಲ್ಲಿ, ಮೂರು ದಿನ ಬಿಡದೆ ಸುರಿದ ಮಳೆಯ ಮಾರನೆಯ ಬೆಳಗ್ಗೆ ಅದು ಈ ತಿರುವಿಗೆ ಬಂದಾಗ ಹಳಿಯ ಕೆಳಗೆ ಮಣ್ಣಿರಲಿಲ್ಲ. ಎರಡು ಡಬ್ಬಿಗಳು ಕೆರೆಯ ಕಡೆಗೆ ಉರುಳಿದವು. ಹನ್ನೊಂದು ಜನ ಸತ್ತರು. ಅವರಲ್ಲಿ ನಾಲ್ವರು ಮೊಸರು ಮಾರುವ ಹೆಂಗಸರು.

ಪಾಪಯ್ಯ ಆಗ ಹಳಿ ದುರಸ್ತಿಯ ಗ್ಯಾಂಗಿನಲ್ಲಿ ಹಾರೆ ಹಿಡಿಯುವ ಆಳು. ನೀರಿಗಿಳಿದು ಜನರನ್ನು ಮೇಲೆತ್ತಿದವರಲ್ಲಿ ಒಬ್ಬರು. ಯಾರೂ ಕೇಳದಿದ್ದರೂ ಒಂದನ್ನು ಮಾತ್ರ ತಾವೇ ಹೇಳುತ್ತಾರೆ.

"ಅದ್ಕೆ ಎಂಟು ದಿನ ಮುಂಚೆ ಏರಿ ಮಗ್ಗುಲಲ್ಲಿ ಒಂದು ತೂತು ಕಂಡಿದ್ದೆ ಸಾ. ಏಡಿ ತೂತು ಅಂದ್ಕಂಡು ಒಂದು ಕಲ್ಲು ತುರುಕಿ ಓದೆ. ಅದ್ರಿಂದ್ಲೇ ಆಯ್ತು ಅಂತ ಯೋಳಕ್ಕಾಗಕಿಲ್ಲ. ಅಲ್ಲ ಅಂತ್ಲೂ ಯೋಳಕ್ಕಾಗಕಿಲ್ಲ."

ಅಪಘಾತದ ಮಾರನೆಯ ವರ್ಷ ಅವರು ಕೀ ಮ್ಯಾನ್ ಆದರು. ಕೆಲಸದ ಪಟ್ಟಿಯಲ್ಲಿ ಇಲ್ಲದ ಒಂದು ಕೆಲಸವನ್ನು ಅಂದಿನಿಂದ ತಾವೇ ಸೇರಿಸಿಕೊಂಡರು. ದಿನಕ್ಕೊಮ್ಮೆ ಏರಿಯ ಎರಡೂ ಮಗ್ಗುಲು ಇಳಿದು ತೂತು ಎಣಿಸುವುದು. ಓದು ಬಾರದ ಪಾಪಯ್ಯ ಅದಕ್ಕಾಗಿ ವರ್ಷಕ್ಕೊಂದು ಬಿದಿರ ಕೋಲಿನಲ್ಲಿ ಕಚ್ಚು ಹಾಕುತ್ತಿದ್ದರು, ತಿಂಗಳಿಗೊಂದು ಗೆಣ್ಣು.

ಏರಿಯನ್ನು ಮತ್ತೆ ಕಟ್ಟಿ ಗಾಡಿ ಬಿಟ್ಟಾಗ ತಿರುವಿನ ಎರಡೂ ತುದಿಗೆ ಹಲಗೆ ನೆಟ್ಟರು, ಗಂಟೆಗೆ ಹತ್ತು ಮೈಲಿಗಿಂತ ಜೋರಾಗಿ ಹೋಗಕೂಡದೆಂದು. ಗಾಡಿ ನಿಧಾನವಾದ ಆ ಒಂದು ನಿಮಿಷವನ್ನು ಜನ ಸತ್ತವರಿಗೆ ಮೀಸಲಿಟ್ಟರು. ಯಾರು ಮೊದಲು ಮಾಡಿದರೋ ತಿಳಿಯದು, ಕಿಟಕಿಯಿಂದ ಒಂದು ಹಿಡಿ ಅನ್ನ ಬಿತ್ತು. ಆಮೇಲೆ ಕಡ್ಲೆಪುರಿ, ತಂಬಿಟ್ಟು, ಮೊಸರನ್ನದ ಉಂಡೆ. ಅಮಾವಾಸ್ಯೆಯ ದಿನ ಏರಿಯ ಮಗ್ಗುಲು ಬೆಳ್ಳಗಾಗುತ್ತಿತ್ತು. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಪ್ರಯಾಣಿಕರೂ ಈ ತಿರುವಿನಲ್ಲಿ ಬುತ್ತಿ ಬಿಚ್ಚುವುದನ್ನು ಕಲಿತರು.

ಪಾಪಯ್ಯನವರ ಕೋಲು ಬೇರೆಯೇ ಕಥೆ ಹೇಳುತ್ತಿತ್ತು. ಐವತ್ತೊಂಬತ್ತರಲ್ಲಿ ಮೂರು ತೂತು, ಅರವತ್ತೊಂದರಲ್ಲಿ ಹತ್ತೊಂಬತ್ತು, ಅರವತ್ತೆರಡರ ಮಳೆಗಾಲಕ್ಕೆ ನಲವತ್ತು ದಾಟಿತು. ಗೆಣ್ಣುಗಳನ್ನು ಸಾಲಾಗಿ ಬೆರಳಾಡಿಸಿ ನೋಡಿದಾಗ ಇನ್ನೊಂದು ಹೊಳೆಯಿತು. ಪ್ರತಿ ಅಮಾವಾಸ್ಯೆ ಕಳೆದ ವಾರದಲ್ಲೇ ಕಚ್ಚುಗಳು ಒತ್ತೊತ್ತಾಗಿದ್ದವು. ತೂತು ಏಡಿಯದಲ್ಲ, ಹೆಗ್ಗಣದ್ದು. ಊಟ ಬಿದ್ದ ಕಡೆ ಹೆಗ್ಗಣ ಮನೆ ಮಾಡಿತ್ತು.

ಹೇಳುವುದು ಹೇಗೆ? ಮೊಸರಿನ ಹೆಂಗಸರಿಗೆಲ್ಲ ಹಿರಿಯಳಾದ, ಹರದನಹಳ್ಳಿಯ ಸುಬ್ಬಮ್ಮ ತಂಗಿಯನ್ನು ಈ ನೀರಿನಲ್ಲೇ ಕಳೆದುಕೊಂಡವಳು. ಒಂದು ಬೆಳಗ್ಗೆ ಪಾಪಯ್ಯ ಧೈರ್ಯ ಮಾಡಿ, ನಿಧಾನ ಸಾಗುತ್ತಿದ್ದ ಗಾಡಿಯ ಪಕ್ಕ ನಡೆಯುತ್ತ ಕೂಗಿದರು. "ಸುಬ್ಬಕ್ಕ, ಇನ್ಮೇಲೆ ಅನ್ನ ಎಸೀಬ್ಯಾಡಿ. ಎಗ್ಣ ಬಂದ್ಬುಟ್ಟವೆ!"

ಸುಬ್ಬಮ್ಮನ ಬಾಯಿಂದ ಉತ್ತರ ಹೊರಡುವಷ್ಟರಲ್ಲಿ ಗಾಡಿ ಮುಂದೆ ಹೋಗಿತ್ತು. ಹೀಗಾಗಿ ಜಗಳ ದಿನಕ್ಕೊಂದು ಮಾತಿನಂತೆ ನಡೆಯಿತು.

ಮರುದಿನ ಸುಬ್ಬಮ್ಮ ಬಾಗಿಲಲ್ಲೇ ಕಾದಿದ್ದಳು. "ನಮ್ ತಂಗಿಗಿಂತ ನಿನ್ ಎಗ್ಣ ಎಚ್ಚಾಯ್ತೇನೋ ಪಾಪಣ್ಣ?"

ಅದರ ಮರುದಿನ ಪಾಪಯ್ಯ: "ಎಗ್ಣ ನಂದಲ್ಲ ಕಣಕ್ಕ, ನೀವ್ ಸಾಕಿರೋದು!"

ನಾಲ್ಕನೆಯ ದಿನ ಸುಬ್ಬಮ್ಮ: "ಸಂಬ್ಳ ತಗಳೋನು ನೀನು, ಎಗ್ಣಾನ ನೀನೇ ಇಡ್ಕೊ ಓಗು!" ಡಬ್ಬಿಯ ತುಂಬ ನಗು.

ಹನ್ನೆರಡು ದಿನವಾದರೂ ಅನ್ನ ನಿಲ್ಲಲಿಲ್ಲ. ಆಗ ಪಿತೃಪಕ್ಷ. ಮಹಾಲಯ ಅಮಾವಾಸ್ಯೆಗೆ ಸತ್ತವರ ಮನೆಯವರೆಲ್ಲ ನಡೆದುಕೊಂಡೇ ಏರಿಯ ಬುಡಕ್ಕೆ ಬಂದು ಎಡೆ ಇಡುವುದು ವಾಡಿಕೆ. ಆ ಬೆಳಗ್ಗೆ ಪಾಪಯ್ಯ ಅವರೆದುರೇ ಕೂತರು. ತಳದಲ್ಲಿ ತೂತಿರುವ ಒಂದು ಮಡಕೆಗೆ ಹುಲ್ಲು, ಬೆರಣಿ ಚೂರು, ನಾಲ್ಕು ಒಣ ಮೆಣಸಿನಕಾಯಿ ತುಂಬಿ ಬೆಂಕಿ ಹಾಕಿದರು. ಮಡಕೆಯ ಬಾಯನ್ನು ಒಂದು ಬಿಲಕ್ಕೆ ಒತ್ತಿ ಹಿಂದಿನ ತೂತಿನಿಂದ ಊದಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಏರಿಯ ಆಚೆ ಮಗ್ಗುಲಿನಲ್ಲಿ ನಿಂತಿದ್ದವರು ಕೆಮ್ಮತೊಡಗಿದರು.

ಹೋಗಿ ನೋಡಿದರೆ ಹಳಿಯ ಆ ಕಡೆ, ಕೆರೆಯ ನೀರಿಗೆ ಮೊಣಕಾಲೆತ್ತರ ಮೇಲೆ, ಮೂರು ಕಡೆ ಹೊಗೆ ಎದ್ದಿತ್ತು. ಈಚೆಯ ಬಿಲ ಹಳಿಯ ಕೆಳಗೇ ಹಾದು ಆಚೆ ತೆರೆದಿತ್ತು. ಕೆರೆ ಒಂದು ಮೊಣಕಾಲು ಏರಿದರೆ ನೀರಿಗೆ ದಾರಿ ಸಿದ್ಧವಾಗಿತ್ತು.

ಸುಬ್ಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೆಣಸಿನ ಘಾಟಿಗೋ ಮತ್ಯಾತಕ್ಕೋ. "ಅಂಗಾರೆ ನಾವೇ ತ್ವಾಡಿಸ್ದಂಗಾಯ್ತಾ ಪಾಪಣ್ಣ?"

"ನೀವು ಗೊತ್ತಿಲ್ದೆ ಉಣ್ಣಾಕಿಟ್ರಿ. ನಾನು ಗೊತ್ತಿಲ್ದೆ ಕಲ್ಲು ತುರುಕಿ ಓದೆ. ಇನ್ಮೇಲೆ ಗೊತ್ತಲ್ಲ ಬುಡಕ್ಕ."

ಹೊಳೆನರಸೀಪುರದ ಯೋಗಾನರಸಿಂಹ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತರು, ಆ ಗಾಡಿಯಲ್ಲಿ ತಮ್ಮನನ್ನು ಕಳೆದುಕೊಂಡವರು. ಎಡೆಯ ಬಾಳೆಯೆಲೆ ಕೈಯಲ್ಲಿ ಹಿಡಿದೇ ಕೇಳಿದರು. "ಸರಿಯಪ್ಪಾ, ಹಾಕಬಾರದು. ಆದರೆ ಬರಿಗೈಲಿ ಈ ಜಾಗ ದಾಟೋದು ಹೇಗೆ, ನೀನೇ ಹೇಳು."

ಪಾಪಯ್ಯ ಕಾಲಡಿ ನೋಡಿದರು. ಬಿಲವಿಲ್ಲದ ಒಂದು ಮಾರಗಲ ಜಾಗದಲ್ಲಿ ಗರಿಕೆ ಹಬ್ಬಿತ್ತು. ಎಳೆದರೆ ಮಣ್ಣನ್ನೂ ಹಿಡಿದುಕೊಂಡೇ ಮೇಲೆ ಬರುವಷ್ಟು ಬಿಗಿ.

"ಗರಿಕೆ ತನ್ನಿ ಸ್ವಾಮಿ. ಬೇರು ಸಮೇತ. ಇದು ಎಗ್ಣಕ್ಕೆ ಊಟ ಅಲ್ಲ, ಏರಿಗೆ ಊಟ."

ಅಂದಿನಿಂದ ಗಾಡಿಯಿಂದ ಬೀಳತೊಡಗಿದ್ದು ಗರಿಕೆ. ಹೊಳೆಯ ದಂಡೆಯದು, ಗದ್ದೆಯ ಬದುವಿನದು, ಹೊಳೆನರಸೀಪುರದವರ ತುಳಸಿಕಟ್ಟೆಯ ಬುಡದ್ದು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಕಿಟಕಿಯಿಂದ ಇಳಿಬಿಡುತ್ತಿದ್ದರು. ಪಾಪಯ್ಯ ಆಯ್ದು, ಕೆಳಗಿನಿಂದ ಮೇಲಕ್ಕೆ ಗೇಣಿಗೊಂದರಂತೆ ನೆಟ್ಟರು. ಗ್ಯಾಂಗಿನವರು ಜೇಡಿ ಮಣ್ಣಿಗೆ ಜಲ್ಲಿ ಬೆರೆಸಿ ಬಿಲಗಳನ್ನೆಲ್ಲ ಗುದ್ದಿ ಮುಚ್ಚಿದರು. ಮೂರು ಮಳೆಗಾಲಕ್ಕೆ ಏರಿಯ ಎರಡೂ ಮಗ್ಗುಲು ಹಸಿರಾದವು. ಕೋಲಿನ ಕಚ್ಚು ಹನ್ನೊಂದಕ್ಕಿಳಿಯಿತು, ನಾಲ್ಕಕ್ಕಿಳಿಯಿತು. ಹೋದ ಮಳೆಗಾಲದ ಗೆಣ್ಣುಗಳು ನುಣ್ಣಗಿವೆ.

ಈ ಜನವರಿಯಲ್ಲಿ ಹಳಿಯ ಇನ್‌ಸ್ಪೆಕ್ಟರ್ ಪರಮಶಿವಯ್ಯ ಅಳತೆಯ ದುರ್ಬೀನು ತಂದು ಎರಡು ದಿನ ಏರಿ ಅಳೆದರು. ಹೋದ ವರ್ಷದ ಅಳತೆಗಿಂತ ಕೂದಲೆಳೆಯಷ್ಟೂ ಕುಸಿದಿಲ್ಲ. ಕೊನೆಗೆ ಕೇಳಿದರು. "ಏನಯ್ಯ ಪಾಪಯ್ಯ, ಹಲಗೆ ಕೀಳಿಸಲಾ? ಯಂತ್ರ ಆಗಬಹುದು ಅಂತದೆ. ನೀನೇನಂತೀಯ?"

ಪಾಪಯ್ಯ ಎರಡೂ ಕಡೆ ತೂಗಿ ನೋಡಿದರು. ಹಲಗೆ ಹೋದರೆ ಗಾಡಿ ಜೋರಾಗಿ ಹೋಗುತ್ತದೆ, ಆ ಒಂದು ನಿಮಿಷ ಹೋಗುತ್ತದೆ. ಬೇಡ ಎಂದರೆ ತಾನು ಕಾಯ್ದ ಏರಿಯನ್ನು ತಾನೇ ನಂಬದಂತೆ. ಒಂದು ದಿನ ಸಮಯ ಕೇಳಿ, ಮಾರನೆಯ ಬೆಳಗ್ಗೆ ನಿಧಾನ ಗಾಡಿಯ ಪಕ್ಕ ನಡೆಯುತ್ತ ಸುಬ್ಬಮ್ಮನಿಗೆ ವಿಷಯ ಕೂಗಿದರು. ಈ ಸಲ ಉತ್ತರ ಮರುದಿನಕ್ಕೆ ಉಳಿಯಲಿಲ್ಲ.

"ಜೋರಾಗಿ ಓಗ್ಲಿ ಬುಡು! ಗರಿಕೆ ನಡ್ಕಂಡು ತತ್ತೀವಿ!"

ಹಲಗೆ ಕಿತ್ತು ಎರಡು ತಿಂಗಳಾಗಿದೆ. ಈಗ ಗಾಡಿ ತಿರುವನ್ನು ಒಂದೇ ಉಸಿರಿಗೆ ದಾಟುತ್ತದೆ, ಒಳಗಿನವರು ಕೈ ಮುಗಿಯುವಷ್ಟು ಮಾತ್ರ ಹೊತ್ತು. ಅಮಾವಾಸ್ಯೆಯ ದಿನ ಕೆಲವರು ನಡೆದು ಬಂದು ಒಣಗಿದ ಜಾಗಕ್ಕೆ ಗರಿಕೆ ನೆಟ್ಟು ಹೋಗುತ್ತಾರೆ.

ಹೋದ ವಾರ ಸುಬ್ಬಮ್ಮ ಸಂಜೆ ಬಿಸಿಲಿರುವಾಗಲೇ ಬರಿ ಕುಡಿಕೆಗಳನ್ನು ಹೊತ್ತು ಪಾಪಯ್ಯನವರ ಮನೆ ಮುಂದೆ ಬಂದು ನಿಂತಳು. ಮುಖ ಸಣ್ಣದಾಗಿತ್ತು.

"ತಪ್ಪಾಗೋಯ್ತು ಪಾಪಣ್ಣ. ಬೆಳಗ್ಗೆ ಕೈ ಮುಗೀಲಿಲ್ಲ. ಕೂತಿದ್ದಂಗೇ ನಿದ್ದೆ ಬಂದ್ಬುಡ್ತು. ಕಣ್ ಬಿಟ್ರೆ ಆಸನ ಟೇಸನ್ ಬಂದಿತ್ತು."

ಒಂಬತ್ತು ವರ್ಷ ಆ ತಿರುವಿನಲ್ಲಿ ಕಿಟಕಿಯ ಕಂಬಿ ಬಿಗಿಹಿಡಿದು, ಉಸಿರು ಕಟ್ಟಿ ಕೂತು ಹೋದವಳು ಸುಬ್ಬಮ್ಮ. ಇದನ್ನು ಹೇಳುವಾಗ ಪಾಪಯ್ಯನವರಿಗೆ ನಗು ತಡೆಯಲಾಗುವುದಿಲ್ಲ.

"ನಿನ್ ತಂಗೀನೇ ಜೋಗುಳ ಆಡಿರ್ಬೇಕು ಓಗಕ್ಕ ಅಂದೆ. ಆಯಮ್ಮ ಅಂಗೆ ಗೊರಕೆ ಒಡ್ಕಂಡು ಈ ಏರಿ ದಾಟ್ತು ಅಂದ್ರೆ, ನಂಗೆ ಇನ್ನೇನ್ ಬೇಕು ಸಾ?"

ಪಾಪಯ್ಯನವರ ನಿವೃತ್ತಿಗೆ ಇನ್ನು ಎರಡು ವರ್ಷ. ಇಷ್ಟು ವರ್ಷ ಬೆಳಗಿನ ಗಾಡಿ ಬರುವ ಹೊತ್ತಿಗೆ ಹಳಿಯ ಪಕ್ಕದಲ್ಲಿ ನಿಂತವರು, ಅದರೊಳಗೆ ಕೂತು ಈ ತಿರುವನ್ನು ದಾಟಿಲ್ಲ. ಆಮೇಲೆ ಏನು ಮಾಡಬೇಕೆಂದಿದೆ ಎಂದು ಕೇಳಿದರೆ ಸುತ್ತಿಗೆಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿ, ತುಸು ನಾಚಿ ಹೇಳುತ್ತಾರೆ.

"ಒಂದಿನ ಟಿಕೀಟ್ ತಗಂಡು ಆ ಗಾಡಿ ಅತ್ಬೇಕು. ಸರಿಯಾಗಿ ಈ ಜಾಗ್ದಲ್ಲಿ ನಾನೂ ಒಂದು ನಿದ್ದೆ ತೆಗೀಬೇಕು. ನನ್ ಜಾಗಕ್ಕೆ ಬರೋನ್ ಮೇಲೆ ಅಷ್ಟು ನಂಬ್ಕೆ ಬಂದ್ರೆ ಸಾಕು ಸಾ."