ಹಾವು ಕಚ್ಚಿದವಳಿಗೆ ಹಾಡು

"ಹಾವು ಏಣಿ ಮಕ್ಕಳ ಆಟ ಅಲ್ವಾ, ಅದರಲ್ಲಿ ಎಂತ ಭಜನೆ?" ಎಂದು ಈಗಲೂ ನನ್ನನ್ನು ಕೆಣಕುವವರಿದ್ದಾರೆ. ಹೌದು ಮಾರಾಯ್ರೇ, ಮಕ್ಕಳ ಆಟವೇ. ಅದಕ್ಕೆಂದೇ ಆರಿಸಿಕೊಂಡದ್ದು. ಅದಕ್ಕೆ ಮಡಿ ಇಲ್ಲ, ಮೈಲಿಗೆ ಇಲ್ಲ, ಬೀಗ ಹಾಕಿ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಧ್ಯಕ್ಷನೂ ಇಲ್ಲ.

ಎಂಬತ್ತರ ದಶಕದ ಆರಂಭ. ಕಾಪುವಿನ ಕಡಲ ಬದಿಯಲ್ಲಿ ನಮ್ಮ ಮನೆ. ಗಂಡಸರು ಬೋಟಿಗೆ ಹೋಗುವವರು, ನಾವು ಹೆಂಗಸರು ಮೀನು ಮಾರುವವರು. ಶುಕ್ರವಾರ ಸಂಜೆ ಎಲ್ಲರೂ ಭಜನಾ ಮಂದಿರದಲ್ಲಿ ಸೇರುತ್ತಿದ್ದೆವು. ಮುಟ್ಟಿನ ದಿನಗಳಲ್ಲಿ ಮಾತ್ರ ಹೆಂಗಸರು ಹೊರಗೆ. ಮಂದಿರದ ಮೆಟ್ಟಿಲನ್ನೂ ಹತ್ತುವಂತಿರಲಿಲ್ಲ. ನಾನೇನೂ ಅದನ್ನು ಪ್ರಶ್ನಿಸಿದವಳಲ್ಲ. ನನ್ನ ತಲೆ ಕೆಟ್ಟದ್ದು ಪಕ್ಕದ ಮನೆಯ ಸೊಸೆಯ ಸ್ಥಿತಿ ನೋಡಿ.

ಮಲ್ಪೆಯಿಂದ ಮದುವೆಯಾಗಿ ಬಂದ ಹುಡುಗಿ. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಆಮೇಲೆ ರಕ್ತ ಹೋಗುವುದು ನಿಲ್ಲಲೇ ಇಲ್ಲ. ಮಣಿಪಾಲದ ಡಾಕ್ಟರು ಮಾತ್ರೆ ಕೊಟ್ಟು, ಗುಣವಾಗಲು ತಿಂಗಳುಗಳೇ ಬೇಕು ಎಂದಿದ್ದರು. ಮುಂದೆ ಗುಣವೂ ಆಯಿತು, ಅದು ಬೇರೆ ಮಾತು. ಆದರೆ ಅಷ್ಟು ತಿಂಗಳೂ ಅವಳು ಹೊರಗಿನವಳೇ. ಅತ್ತೆ ಚಾವಡಿಯ ಮೂಲೆಯಲ್ಲಿ ಬೇರೆ ಚಾಪೆ ಹಾಸಿ, ಬೇರೆ ಬಟ್ಟಲು ಕೊಟ್ಟಿದ್ದಳು. ದೇವರ ಕೋಣೆ ಇಲ್ಲ, ಮಂದಿರ ಇಲ್ಲ, ಸತ್ತ ಮಗುವಿಗಾಗಿ ಒಂದು ದೀಪ ಹಚ್ಚುವಂತೆಯೂ ಇಲ್ಲ. "ದೇವರ ಹೆಸರು ಬಾಯಲ್ಲಾದರೂ ಹೇಳಬಹುದಾ ಅಕ್ಕ?" ಎಂದು ಒಂದು ದಿನ ಬೇಲಿಯಾಚೆಯಿಂದ ಕೇಳಿದಳು. ಆಗ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಅದೇ ಹೊತ್ತಿಗೆ ನನ್ನ ಮಕ್ಕಳು ಜಗಲಿಯಲ್ಲಿ ಹಾವು ಏಣಿ ಆಡುತ್ತಿದ್ದರು. ಉಡುಪಿಯ ರಥಬೀದಿಯಲ್ಲಿ ಕೊಂಡ ರಟ್ಟಿನ ಹಲಗೆ. ಅವಳನ್ನೂ ಕರೆದು ಕೂರಿಸಿದೆ. ಯಾರೂ ಬೇಡವೆನ್ನಲಿಲ್ಲ; ಆಟಕ್ಕೆ ಕೂತವಳನ್ನು ಯಾರು ಬೇಡ ಎನ್ನುತ್ತಾರೆ?

ಮುಂದಿನ ಶುಕ್ರವಾರ, ಆ ವಾರ ಮಂದಿರಕ್ಕೆ ಹೋಗುವಂತಿಲ್ಲದ ಹೆಂಗಸರನ್ನೆಲ್ಲ ನನ್ನ ಜಗಲಿಗೆ ಕರೆದೆ. ನಿಯಮ ನಾನೇ ಮಾಡಿದ್ದು. ಏಣಿ ಹತ್ತಿದವಳು ಇನ್ನೊಬ್ಬರಿಗಾಗಿ ದೇವರಲ್ಲಿ ಒಂದು ಮಾತು ಬೇಡಬೇಕು. ಹಾವು ಕಚ್ಚಿ ಕೆಳಗೆ ಜಾರಿದವಳು ಸುಮ್ಮನೆ ಕೂರಬೇಕು. ಉಳಿದವರೆಲ್ಲ ಅವಳಿಗಾಗಿ ಒಂದು ಭಜನೆ ಹಾಡಬೇಕು. ಎರಡು ವಾರ ಆಗುವಷ್ಟರಲ್ಲಿ ಎಲ್ಲರಿಗೂ ಹಾವೇ ಬೇಕು! ಕುಡುಕ ಗಂಡನನ್ನು ಕಟ್ಟಿಕೊಂಡವಳೊಬ್ಬಳು ದಾಳ ಉರುಳಿಸುವಾಗ "ಕಚ್ಚು, ಕಚ್ಚು" ಎಂದು ಕೂಗುತ್ತಿದ್ದಳು. ಹೊರಗಿಲ್ಲದವರೂ ಮಂದಿರ ಬಿಟ್ಟು ನಮ್ಮಲ್ಲಿಗೇ ಬರತೊಡಗಿದರು.

ಆ ಹುಡುಗಿಗೆ ಮಾತ್ರ ಹಾವು ಸಿಗಲೇ ಇಲ್ಲ. ಅವಳ ಕಾಯಿ ಅಂಗಿಯಿಂದ ಕಿತ್ತ ಒಂದು ನೀಲಿ ಗುಂಡಿ. ಪ್ರತಿ ವಾರವೂ ಅದು ಏಣಿ ಹತ್ತಿ ಹತ್ತಿ ಮೇಲಕ್ಕೇ ಹೋಗುತ್ತಿತ್ತು. ಅವಳು ಎಲ್ಲರಿಗಾಗಿ ಬೇಡಿಕೊಂಡಳು. ಅವಳಿಗಾಗಿ ಯಾರೂ ಹಾಡುವಂತಾಗಲಿಲ್ಲ. "ಹಾವಿಗೂ ನಾನು ಬೇಡವಾ ಅಕ್ಕ?" ಎಂದಳು. ನಾನು ಗುಂಡಿಯನ್ನು ಮೆಲ್ಲಗೆ ಹಾವಿನ ಬಾಯಿಗೆ ಸರಿಸಲು ಹೋದರೆ ನನ್ನ ಕೈ ಹಿಡಿದಳು. "ಕಳ್ಳಾಟ ಬೇಡ."

ಮಂದಿರದಲ್ಲಿ ಹೆಂಗಸರ ಸಾಲು ಖಾಲಿಯಾದಾಗ ಅಲ್ಲಿನ ಅಧ್ಯಕ್ಷರು ಎದ್ದರು. ಒಂದು ಶುಕ್ರವಾರ ಹುಡುಗಿಯ ಅತ್ತೆಯನ್ನೂ ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದರು.

"ಹೊರಗಿದ್ದವಳು ನಾಗನ ಮೇಲೆ ಕಾಯಿ ನಡೆಸುವುದಾ? ಅದಕ್ಕೇ ರಕ್ತ ನಿಲ್ಲುವುದಿಲ್ಲ ಅವಳಿಗೆ. ನಾಗದೋಷ! ಆ ಹಲಗೆ ಇಲ್ಲಿ ಕೊಡಿ, ಕಡಲಿಗೆ ಹಾಕ್ತೇನೆ."

ನಾಗನ ಹೆಸರು ಕೇಳಿದರೆ ನಮ್ಮೂರಲ್ಲಿ ಎಂಥ ಗಟ್ಟಿಗರಿಗೂ ನಡುಕ. ಸುಳ್ಳು ಯಾಕೆ, ನಾನೂ ಹೆದರಿದೆ. ಆದರೆ ನಾಲಿಗೆ ಸುಮ್ಮನಿರಬೇಕಲ್ಲ.

"ರಕ್ತ ಮೊದಲು ಬಂದದ್ದಾ, ಹಲಗೆ ಮೊದಲು ಬಂದದ್ದಾ? ಅಂಗಡಿಯ ರಟ್ಟಿನ ಮೇಲೆ ಬಂದು ಕೂರಲಿಕ್ಕೆ ನಾಗನಿಗೆ ಬೇರೆ ಕೆಲಸ ಇಲ್ವಾ? ಹಲಗೆ ನನ್ನ ಮಕ್ಕಳದ್ದು. ಕೊಡುವುದಿಲ್ಲ."

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ," ಎಂದರು ಅವರು. ಹೆಂಗಸರು ಸೆರಗು ಸರಿಮಾಡಿಕೊಂಡು ಒಬ್ಬೊಬ್ಬರೇ ಹೊರಡಲು ಎದ್ದು ನಿಂತರು. ಹುಡುಗಿಯ ಮುಖ ಬಿಳುಚಿತ್ತು.

"ಏಳು, ಮನೆಗೆ ನಡಿ," ಎಂದಳು ಅತ್ತೆ.

ಹುಡುಗಿ ಏಳಲಿಲ್ಲ. ದಾಳ ತೆಗೆದುಕೊಂಡಳು. ಉರುಳಿಸಿದಳು. ಮನೆ ಎಣಿಸುತ್ತಾ ನೀಲಿ ಗುಂಡಿ ನಡೆಸಿದಳು. ಅದು ತುದಿಯ ದೊಡ್ಡ ಹಾವಿನ ಬಾಯಲ್ಲೇ ಹೋಗಿ ನಿಂತಿತು.

ಅಧ್ಯಕ್ಷರು ನಾಗನಿಗೆ ಕೈಮುಗಿದು ಮುಖ ತಿರುಗಿಸಿದರು. ಅವಳು ಗುಂಡಿಯ ಮೇಲೆ ಬೆರಳಿಟ್ಟು, ಆ ಹಾವಿನ ಮೈಯುದ್ದಕ್ಕೂ ನಿಧಾನವಾಗಿ ಜಾರಿಸಿ ಬಾಲದ ತನಕ ತಂದಳು. ಆಮೇಲೆ ತಲೆ ಎತ್ತಿ ಅತ್ತೆಯನ್ನು ನೋಡಿದಳು.

"ಹಾಡಿ."

ಅತ್ತೆ ಅಧ್ಯಕ್ಷರ ಕಡೆ ನೋಡಿದಳು. ಅವಳು ಅಂಗೈಯಿಂದ ನೆಲಕ್ಕೆ ಬಡಿದಳು.

"ಹಾಡಿ ಅತ್ತೆ! ಸತ್ತದ್ದು ನನ್ನ ಮಗು. ಇಷ್ಟು ತಿಂಗಳಾಯ್ತು, ನನಗೋಸ್ಕರ ಒಬ್ಬರೂ ಒಂದು ಸಾಲು ಹಾಡಲಿಲ್ಲ. ಈಗ ಹಾಡಿ!"

ಅತ್ತೆ ಜಗಲಿಯ ಮೆಟ್ಟಿಲಲ್ಲೇ ಕುಸಿದು ಕೂತಳು. ಅಧ್ಯಕ್ಷರು ಯಾವಾಗ ಅಂಗಳ ದಾಟಿದರೋ, ನಾವು ನೋಡಲಿಲ್ಲ. ಮೊದಲ ಸಾಲು ಹಿಡಿದವಳು ಅತ್ತೆಯೇ. ಅಳುವಿನಲ್ಲಿ ಸ್ವರ ಒಡೆದುಹೋಗಿತ್ತು. ಮುಂದಿನ ಸಾಲಿಗೆ ಬರುವಾಗ ಅವಳ ಕೈ ಸೊಸೆಯ ಬೆನ್ನ ಮೇಲಿತ್ತು.