ರಿಂಗಿನ ಕೆಳಗಿನ ಜಾಗ

ನಮ್ಮ ಘಾಟ್ಕೋಪರಿನ ಸೊಸೈಟಿಯಲ್ಲಿ ಹೋದ ತಿಂಗಳು ಒಂದು ಕ್ರಾಂತಿಯಾಯಿತು. ಯಾರದೆಂದು ಯಾರಿಗೂ ಗೊತ್ತಿಲ್ಲದ ಎರಡು ಸ್ಕೂಟರುಗಳು ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತಿದ್ದ ಮೂಲೆಯನ್ನು ಖಾಲಿ ಮಾಡಿಸಿ, ಮಕ್ಕಳಿಗೆಂದು ಗೋಡೆಗೆ ಬಾಸ್ಕೆಟ್‌ಬಾಲ್ ರಿಂಗು ಹಾಕಿಸಿದರು. ಅದಕ್ಕಾಗಿ ಮೂರು ಮೀಟಿಂಗು ಆಗಿ, ಮೂರರಲ್ಲೂ ಜಗಳವಾಗಿ, ಕೊನೆಗೆ ಚೆಂಡು ತರುವ ಕೆಲಸ ನನ್ನ ತಲೆಗೆ ಬಂತು. ‘ಅಂಕಲ್ ಕಾಲೇಜ್ ಟೀಮಿನಲ್ಲಿದ್ದರಂತೆ’ ಎಂದು ಯಾರೋ ಹೇಳಿದರಂತೆ. ಯಾರೋ ಏನು ಬಂತು, ನಾನೇ ಹೇಳಿಕೊಂಡಿದ್ದೆ. ಅಂಗಡಿಯಿಂದ ತಂದ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಿದೆ ನೋಡಿ, ಹೊಸ ರಬ್ಬರಿನ ಘಾಟು ಮೂಗಿಗೆ ಬಡಿದದ್ದೇ ತಡ, ಸುಧಾಕರನ ನೆನಪಾಯಿತು. ಆ ಹೆಸರು ಬಂದರೆ ಇವತ್ತಿಗೂ ನಾನು ಮಾತು ಬದಲಿಸುತ್ತೇನೆ.

ಟೀಮಿನಲ್ಲಿದ್ದೆ ಎಂದೆನಲ್ಲ, ಅದರ ಅರ್ಥವನ್ನು ಮೊದಲೇ ಬಿಡಿಸಿ ಹೇಳಿಬಿಡುವುದು ಒಳ್ಳೆಯದು. ಹತ್ತು ಜನರ ತಂಡದಲ್ಲಿ ನಾನು ಹತ್ತನೆಯವನು. ನೀರಿನ ಕ್ಯಾನು, ಟವೆಲ್ಲು ಮತ್ತು ಸ್ಕೋರು ಬರೆಯುವ ಪುಸ್ತಕ, ಈ ಮೂರರ ಮೇಲೆ ನನ್ನದು ಸಂಪೂರ್ಣ ಅಧಿಕಾರ. ಸೋಲುವುದು ನೂರಕ್ಕೆ ನೂರು ಖಚಿತವಾದ ಮೇಲೆ ನಮ್ಮ ಜಿಮಖಾನಾದ, ಅಂದರೆ ಆಟೋಟದ ವಿಭಾಗದ, ಸರ್ ಬೆಂಚಿನ ಕಡೆ ತಿರುಗಿ, ‘ಚಲ್, ತೂ ಭೀ ಜಾ’ ಎಂದು ನನ್ನನ್ನು ಕೊನೆಯ ಎರಡು ನಿಮಿಷಕ್ಕೆ ಒಳಗೆ ಕಳಿಸುತ್ತಿದ್ದರು. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮ ಕಾಲೇಜು ಸೋಲುತ್ತಿದ್ದುದೇ ಹೆಚ್ಚಾದ್ದರಿಂದ ನನಗೆ ಆಡುವ ಅವಕಾಶಗಳು ಕಡಿಮೆಯೇನೂ ಇರಲಿಲ್ಲ.

ದಾದರಿನಲ್ಲಿ ನಮ್ಮ ಕಾಲೇಜು. ಸಿಮೆಂಟಿನ ಕೋರ್ಟು, ಮರದ ಹಲಗೆ, ಬಲೆಯಿಲ್ಲದ ರಿಂಗು. ಸೋಲಿಗೆ ಕಾರಣ ಹುಡುಕಲು ಪಂಡಿತರೇನೂ ಬೇಕಿರಲಿಲ್ಲ: ರಿಂಗಿನ ಕೆಳಗೆ ನಮ್ಮವರು ಯಾರೂ ನಿಲ್ಲುತ್ತಿರಲಿಲ್ಲ. ಚೆಂಡು ಹಲಗೆಗೆ ತಾಗಿ ಹಿಂದಕ್ಕೆ ಬಂದರೆ ಅದು ಎದುರಾಳಿಗಳ ಸ್ವತ್ತು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೆವು. ನಾಗಪಾಡಾದ ಗಲ್ಲಿಗಳಲ್ಲಿ ಚಡ್ಡಿ ಹಾಕುವ ವಯಸ್ಸಿನಿಂದ ಆಡಿ ಬಂದ ಹುಡುಗರು ಎದುರಿಗಿದ್ದರಂತೂ ನಮ್ಮ ಫಾರ್ವರ್ಡುಗಳು ರಿಂಗಿನ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಲೀಗಿನಲ್ಲಿ ಒಂದೋ ಎರಡೋ ಮ್ಯಾಚು ಗೆದ್ದು, ನಾಕೌಟಿಗೆ ಹೋಗುವವರನ್ನು ನೋಡಲು ಟಿಕೆಟ್ಟಿಲ್ಲದ ಪ್ರೇಕ್ಷಕರಾಗಿ ನಾವೂ ಹೋಗುತ್ತಿದ್ದೆವು.

ಇಂಥ ತಂಡಕ್ಕೆ ಸುಧಾಕರ ಕ್ಯಾಪ್ಟನ್. ಕರಾವಳಿಯ ಕಡೆಯವನು, ಪರೇಲಿನ ಚಾಳಿನಲ್ಲಿ ಒಂದೇ ಕೋಣೆಯ ಮನೆ. ಅಪ್ಪ ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿ ವರ್ಷಗಳಾಗಿದ್ದವು. ಹಿಂದೆ ಇಬ್ಬರು ತಂಗಿಯರು. ಎತ್ತರದಲ್ಲಿ ನನಗಿಂತ ಎರಡು ಬೆರಳು ಹೆಚ್ಚು, ಅಷ್ಟೇ. ಆದರೆ ಅವನ ಕೈಯಲ್ಲಿ ಚೆಂಡಿದ್ದರೆ ಅದನ್ನು ಕಸಿಯುವ ಗಂಡು ದಾದರಿನಲ್ಲಿ ಇರಲಿಲ್ಲ. ಆ ಕಾಲದಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದ ಸರ್ಟಿಫಿಕೇಟು ಕೈಗೆ ಬಂದರೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸ ಸಿಕ್ಕಂತೆಯೇ. ಆ ತಂಡವನ್ನು ಆರಿಸುವವರು ನೋಡಲು ಬರುತ್ತಿದ್ದುದು ನಾಕೌಟ್ ಮ್ಯಾಚುಗಳನ್ನು ಮಾತ್ರ. ಸುಧಾಕರನಿಗೆ ಅದು ಕಾಲೇಜಿನ ಕೊನೆಯ ವರ್ಷ. ‘ಒಂದು ಸಲ ನಾಕೌಟಿಗೆ ಹೋದ್ರೆ ಸಾಕು ಮಾರಾಯ, ಮತ್ತೆ ನಾನು ನೋಡಿಕೊಳ್ತೇನೆ’ ಎನ್ನುತ್ತಿದ್ದ. ಅವನಿಗೆ ಕೆಲಸ ಬೇಕೇಬೇಕಿತ್ತು. ಅದು ನಮಗೆಲ್ಲ ಗೊತ್ತಿತ್ತು.

ಅದೇ ವರ್ಷ ಬಸವರಾಜ ಬಂದ. ಆಗಿನ ಬಿಜಾಪುರ, ಈಗಿನ ವಿಜಯಪುರದವನು, ಘಾಟ್ಕೋಪರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಲು ಬಂದಿದ್ದ. ಆರು ಅಡಿ ಮೂರು ಅಂಗುಲ. ಕಾಲೇಜಿನ ಗೇಟಿನಲ್ಲಿ ಅವನನ್ನು ಕಂಡ ಸರ್, ಯಾವ ಕ್ಲಾಸು, ಯಾವ ಹೆಸರು ಒಂದನ್ನೂ ಕೇಳದೆ ಕೈ ಹಿಡಿದು ಕೋರ್ಟಿಗೆ ಕರೆತಂದರು. ನಮಗೋ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಬಸೂನ ರೋಗ ಒಂದೇ ವಾರದಲ್ಲಿ ತಿಳಿಯಿತು: ಅವನು ಮಹಾ ಮರ್ಯಾದಸ್ಥ. ರಿಂಗಿನ ಕೆಳಗೆ ಯಾರ ಭುಜ ತಾಗಿದರೂ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದ. ಸರ್ ‘ಬಾಕ್ಸ್ ಔಟ್, ಬಾಕ್ಸ್ ಔಟ್’ ಎಂದು ಗಂಟಲು ಹರಿದುಕೊಂಡರೆ ಅವರಿಗೂ ಸಾರಿ ಹೇಳುತ್ತಿದ್ದ. ಚೆಂಡು ಬರುವ ಮುಂಚೆಯೇ ಎದುರಾಳಿಯನ್ನು ಬೆನ್ನ ಹಿಂದೆ ಹಾಕಿಕೊಂಡು ಜಾಗ ಹಿಡಿಯಬೇಕು ಎಂಬುದು ಸರ್ ಪುಸ್ತಕದಿಂದ ಓದಿ ಹೇಳಿದ ಮಾತು. ನಮಗಾಗಲಿ ಅವನಿಗಾಗಲಿ ಅದು ತಲೆಗೆ ಹೋಗಲಿಲ್ಲ.

ಈಗ ನಮ್ಮ ಪದ್ಮಾ ಚಿಕ್ಕಮ್ಮನ ವಿಷಯಕ್ಕೆ ಬರಲೇಬೇಕು. ನಮ್ಮದು ಮೈಸೂರಿನ ಕಡೆಯ ಮನೆತನ. ಚಿಕ್ಕಪ್ಪ ಚಿಕ್ಕಮ್ಮ ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನಲ್ಲೇ ಒಂದು ಮಹಡಿ ಮೇಲಿದ್ದರು. ಚಿಕ್ಕಮ್ಮ ದಾದರಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ಎತ್ತರ ಐದಡಿಗೂ ಕಡಿಮೆ. ಹದಿನೈದು ವರ್ಷದಿಂದ ಬೆಳಗಿನ ರಶ್ಶಿನ ಲೋಕಲಿನಲ್ಲಿ ಹೋಗಿಬರುತ್ತಿದ್ದರೂ ಒಂದು ದಿನವೂ ಸ್ಟೇಷನ್ ತಪ್ಪಿಸಿಕೊಂಡವರಲ್ಲ, ಸೀರೆಯ ನೆರಿಗೆ ಕೂಡ ಕೆಡಿಸಿಕೊಂಡವರಲ್ಲ. ಒಂದು ಭಾನುವಾರ ಬಸು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಹಿಂದಿನ ದಿನ ಅವನು ದಾದರಿನಲ್ಲಿ ಇಳಿಯಲಾಗದೆ ಪರೇಲಿಗೆ ಹೋಗಿ, ಅಲ್ಲಿಂದ ನಡೆದುಕೊಂಡು ಕಾಲೇಜಿಗೆ ಬಂದ ಕಥೆಯನ್ನು ನಾನು ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳಿದೆ.

ಚಿಕ್ಕಮ್ಮ ಹುಳಿ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟರು. ‘ಏನೋ ಬಸವರಾಜ, ಇಷ್ಟೆತ್ತರದ ಆಳಿದ್ದೀಯ, ದಾದರಿನಲ್ಲಿ ಇಳಿಯೋಕೆ ಬರಲ್ವೇನೋ?’

‘ಹೆಂಗ ಇಳೀಬೇಕ್ರಿ ಕಾಕೂ? ಮಂದಿ ಹತ್ತಾಕ ಬಂದಿರ್ತಾರ. ದೊಡ್ಡಾರು ಬಂದ್ರ ಸರಿದು ನಿಲ್ಲಬೇಕಂತ ನಮ್ಮವ್ವ ಹೇಳ್ಯಾಳ್ರಿ.’

‘ನಿಮ್ಮವ್ವ ಹೇಳಿದ್ದು ಸರಿ, ಆದರೆ ಅವರು ಕುರ್ಲಾ ಸ್ಟೇಷನ್ನಿನ ರಶ್ಶು ನೋಡಿಲ್ಲ’ ಎಂದು ಚಿಕ್ಕಮ್ಮ ಸೆರಗು ಸಿಕ್ಕಿಸಿ ನಮ್ಮ ಅಡುಗೆಮನೆಯ ಇಕ್ಕಟ್ಟಾದ ಬಾಗಿಲಿಗೆ ಬೆನ್ನು ತಿರುಗಿಸಿ ನಿಂತರು. ‘ಎಲ್ಲಿ, ನನ್ನ ದಾಟಿ ಒಳಗೆ ಹೋಗು ನೋಡೋಣ.’

ಪಾಪ, ಬಸು ಕೆಂಪಗಾಗಿ ‘ಬ್ಯಾಡ್ರಿ ಕಾಕೂ’ ಎಂದ. ಚಿಕ್ಕಮ್ಮ ಬಿಡಬೇಕಲ್ಲ. ಅವನು ಎಡಕ್ಕೆ ಬಂದರೆ ಇವರೂ ಎಡಕ್ಕೆ, ಬಲಕ್ಕೆ ಬಂದರೆ ಇವರೂ ಬಲಕ್ಕೆ, ತಿರುಗಿ ನೋಡದೆಯೇ. ಐದು ನಿಮಿಷವಾದರೂ ಆ ಆರಡಿ ಹುಡುಗ ಅಡುಗೆಮನೆ ಸೇರಲಿಲ್ಲ. ‘ನೋಡು, ಕೈ ಎತ್ತಿದರೆ ಜಗಳ. ಕೈ ಎದೆ ಹತ್ತಿರ ಇಟ್ಕೋ. ಕಾಲು ಅಗಲ ಮಾಡು, ಮಂಡಿ ಒಂಚೂರು ಬಗ್ಗಿಸು. ಹಿಂದೆ ಯಾರಿದಾರೆ ಅಂತ ನಿನ್ನ ಬೆನ್ನಿಗೇ ಗೊತ್ತಾಗತ್ತೆ. ಕುರ್ಲಾ ಬರೋ ಹೊತ್ತಿಗೇ ಜಾಗ ಹಿಡೀಬೇಕಪ್ಪ. ದಾದರ್ ಬಂದಮೇಲೆ ಎದ್ದರೆ ಆ ದಾದರ್ ನಿನ್ನದಲ್ಲ.’

ನಾನು ಮರುದಿನ ಇದನ್ನು ನಗೆಚಾಟಿಕೆಯೆಂದು ಸುಧಾಕರನಿಗೆ ಹೇಳಿದೆ. ಅವನು ನಗಲಿಲ್ಲ. ‘ಅಲ್ಲ ಮಾರಾಯ, ಸರ್ ಎರಡು ವರ್ಷದಿಂದ ಬೊಬ್ಬೆ ಹೊಡೆಯುವುದು ಇದನ್ನೇ ಅಲ್ವಾ?’ ಎಂದ. ಮಾರನೆಯ ಬೆಳಗ್ಗೆ ಅವನು ಪರೇಲಿನಿಂದ ಉಲ್ಟಾ ದಿಕ್ಕಿನಲ್ಲಿ ಘಾಟ್ಕೋಪರಿಗೆ ಬಂದು, ನಮ್ಮ ಜೊತೆ ಭರ್ತಿ ಲೋಕಲ್ ಹತ್ತಿದ. ತಂಡದ ಇನ್ನಿಬ್ಬರು ಫಾರ್ವರ್ಡುಗಳನ್ನೂ ಎಳೆದುಕೊಂಡು ಬಂದಿದ್ದ. ಕುರ್ಲಾ ಬಂದೊಡನೆ ಬಸು ಸೇರಿ ಮೂವರೂ ಬಾಗಿಲ ಬಳಿ ಜಾಗ ಹಿಡಿಯಬೇಕು. ಸುಧಾಕರ ಮತ್ತು ನಾನು ಹಿಂದಿನಿಂದ ದೂಡಬೇಕು. ಸಾಯನ್, ಮಾಟುಂಗಾ ದಾಟುವವರೆಗೂ ಜನ ನಮ್ಮ ವಂಶವನ್ನೇ ಉದ್ಧಾರ ಮಾಡುತ್ತಿದ್ದರು. ‘ಅರೇ ಲಂಬೂ, ದೀವಾರ್ ಹೈ ಕ್ಯಾ?’ ಎಂದು ಒಬ್ಬರು ಚೀರಿ, ಬಸೂನನ್ನು ಗೋಡೆ ಎಂದು ಕರೆದ ದಿನ ಸುಧಾಕರ ಅವನ ಬೆನ್ನು ತಟ್ಟಿದ. ಹೀಗೆ ಒಂದು ತಿಂಗಳು ನಡೆಯಿತು. ಬಸು ಮರ್ಯಾದೆಯನ್ನೇನೂ ಬಿಡಲಿಲ್ಲ. ದಾದರಿನಲ್ಲಿ ಇಳಿದ ಮೇಲೆ ಒಮ್ಮೊಮ್ಮೆ ಹಿಂದಕ್ಕೆ ತಿರುಗಿ ಕೈ ಮುಗಿಯುತ್ತಿದ್ದ.

ಆ ಸಲದ ಲೀಗು ಶುರುವಾದಾಗ ನಮ್ಮ ಕಣ್ಣನ್ನು ನಾವೇ ನಂಬಲಿಲ್ಲ. ಚೆಂಡು ಹಲಗೆಗೆ ತಾಗಿ ಹಿಂದೆ ಬಂದರೆ ಅಲ್ಲಿ ಮೂರು ಬೆನ್ನುಗಳು ನಮ್ಮವು. ಎದುರಾಳಿಗಳು ಹಿಂದಿನಿಂದ ಎಗರಿ ಎಗರಿ ಫೌಲ್ ಮಾಡುತ್ತಿದ್ದರು. ಸುಧಾಕರನೋ, ಈವರೆಗೆ ತಾನೇ ಓಡಿ, ತಾನೇ ಎಸೆದು, ತಾನೇ ಬಿದ್ದು ಏಳುತ್ತಿದ್ದವನು, ಈಗ ನಾಲ್ಕು ಜನರ ನಡುವಿನಿಂದ ನೇರ ಬಸೂನ ಕೈಗೆ ಚೆಂಡು ತಲುಪಿಸಿ ಸುಮ್ಮನೆ ನಿಲ್ಲುತ್ತಿದ್ದ. ಬಸು ಅದನ್ನು ರಿಂಗಿನೊಳಗೆ ಇಡುತ್ತಿದ್ದ. ನಾವು ನಾಕೌಟಿಗೆ ಹೋದೆವು. ಮೊದಲ ಮ್ಯಾಚು ನಾಗಪಾಡಾದ ಹುಡುಗರೇ ತುಂಬಿದ್ದ ಕಾಲೇಜಿನ ಮೇಲೆ, ಅದನ್ನೂ ಗೆದ್ದೆವು. ನನಗೆ ಆ ವರ್ಷ ಎರಡು ನಿಮಿಷವೂ ಆಡಲು ಸಿಗಲಿಲ್ಲ. ಅಷ್ಟು ಸಂತೋಷದ ವರ್ಷ ನನ್ನ ಜೀವನದಲ್ಲಿ ಕಡಿಮೆ.

ಎರಡನೆಯ ನಾಕೌಟ್ ಮ್ಯಾಚಿಗೆ ಯೂನಿವರ್ಸಿಟಿ ತಂಡ ಆರಿಸುವವರೊಬ್ಬರು ಬಂದಿದ್ದರು. ಬಿಳಿ ಪ್ಯಾಂಟು, ಕನ್ನಡಕ. ಸುಧಾಕರ ಅವರ ಕಡೆ ನೋಡದಿರಲು ಪಡುತ್ತಿದ್ದ ಕಷ್ಟ ನನಗೆ ಬೆಂಚಿನಿಂದಲೇ ಕಾಣುತ್ತಿತ್ತು. ಹಾಫ್ ಟೈಮಿನಲ್ಲಿ ಅವರು ಸ್ಕೋರು ನೋಡಲು ನನ್ನ ಹತ್ತಿರ ಬಂದರು. ಪುಸ್ತಕದ ಮೂಲೆಯಲ್ಲಿ ನಾನು ಕನ್ನಡದಲ್ಲಿ ಗೀಚಿದ್ದನ್ನು ಕಂಡು, ‘ಏನಪಾ, ಕನ್ನಡದಾಂವೇನು ನೀ? ಯಾವೂರು?’ ಎಂದರು. ಧಾರವಾಡದವರಂತೆ!

ಮುಂಬೈಯಲ್ಲಿ ಬೆಳೆದ ಕನ್ನಡದವರಿಗೆ ಈ ಒಂದು ಪ್ರಶ್ನೆಯಿಂದ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕೆ? ನಾನು ಕರಗಿ ನೀರಾದೆ. ಅಪ್ಪನ ಊರು, ಅಜ್ಜನ ಊರು, ಇಲ್ಲಿಗೆ ಬಂದು ಎಷ್ಟು ವರ್ಷ, ಎಲ್ಲ ಒದರಿದೆ. ಆಮೇಲೆ ಬಸು. ಬಿಜಾಪುರದ ಹುಡುಗ ಸರ್, ನಿಮ್ಮ ಕಡೆಯವನೇ ಸರ್ ಎಂದು ಶುರುಮಾಡಿ, ಚಿಕ್ಕಮ್ಮ, ಅಡುಗೆಮನೆ, ಕುರ್ಲಾ, ಒಂದನ್ನೂ ಬಿಡಲಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಡುವೆ ಒಮ್ಮೆ, ಸುಧಾಕರನ ಕಡೆ ನೋಡಿ, ‘ಆ ಸಣ್ಣಾಂವ, ಚೆಂಡು ಭಾಳ ಛಂದ ಕೊಡ್ತಾನಲಾ’ ಎಂದರು. ಆಗ ನಾನು ಆಡಿದ ಮಾತು ಇದು: ‘ಹೌದು ಸರ್, ಆದ್ರೆ ಬಸು ಇಲ್ಲದಿದ್ರೆ ಅದನ್ನ ಹಿಡಿಯೋರ್ಯಾರು?’ ಅಷ್ಟರಲ್ಲಿ ಸೀಟಿ ಕೇಳಿಸಿತು. ಅವರು ಎದ್ದು ಹೋದರು.

ಆ ಮ್ಯಾಚು ನಾವು ನಾಲ್ಕು ಪಾಯಿಂಟಿನಿಂದ ಸೋತೆವು. ಹದಿನೈದು ದಿನಕ್ಕೆ ಯೂನಿವರ್ಸಿಟಿಯ ಪಟ್ಟಿ ಬಂತು. ನಮ್ಮ ಕಾಲೇಜಿನಿಂದ ಒಂದೇ ಹೆಸರು, ಬಸವರಾಜ. ಬಸು ನೋಟಿಸ್ ಬೋರ್ಡಿನ ಮುಂದೆ ನಿಂತು ಅತ್ತ. ‘ನಾ ಒಲ್ಲೆ, ನೀ ಹೋಗು’ ಎಂದು ಸುಧಾಕರನ ಕೈ ಹಿಡಿದ. ‘ಅದು ಬಸ್ಸಿನ ಸೀಟಾ ಮಾರಾಯ, ಬಿಟ್ಟುಕೊಡ್ಲಿಕ್ಕೆ? ಸುಮ್ಮನೆ ಹೋಗಿ ಆಡು’ ಎಂದು ಸುಧಾಕರ ಬೈದ. ಮುಂದೆ ಬಸು ರೈಲ್ವೆ ಸೇರಿ ಹುಬ್ಬಳ್ಳಿಗೆ ಹೋದ. ಸುಧಾಕರ ಬಾಂದ್ರಾದ ಯಾವುದೋ ಖಾಸಗಿ ಆಫೀಸಿನಲ್ಲಿ ಲಕೋಟೆಗೆ ಅಂಟು ಹಚ್ಚುವ ಕೆಲಸಕ್ಕೆ ಸೇರಿದನೆಂದು ಕೇಳಿದೆ. ನನಗೆ ಅವನ ಮುಖ ನೋಡಲಾಗಲಿಲ್ಲ. ದಾದರಿನ ಬ್ರಿಜ್ಜಿನ ಮೇಲೆ ಎರಡು ಸಲ ಅವನು ದೂರದಿಂದ ಕಂಡಿದ್ದ. ಎರಡು ಸಲವೂ ನಾನು ಬೇರೆ ಮೆಟ್ಟಿಲಿನಿಂದ ಇಳಿದು ಹೋದೆ. ಅವನು ಮದುವೆಗೆ ಕರೆದಾಗಲೂ ಹೋಗಲಿಲ್ಲ. ಅವನ ಅನ್ನವನ್ನು ನನ್ನ ಬಾಯಿಚಪಲಕ್ಕೆ ಕಳೆದೆ ಎಂದು ಒಳಗೊಳಗೇ ಬೇಯುತ್ತಿದ್ದೆ.

ಚೆಂಡಿನ ಡಬ್ಬಿ ಬಿಚ್ಚಿದ ಮೇಲೆ ಎರಡು ವಾರ ತಡೆದೆ. ಆಗಲಿಲ್ಲ. ಅವರಿವರನ್ನು ಕೇಳಿ ವಿಳಾಸ ಹಿಡಿದು ಮೊನ್ನೆ ಭಾನುವಾರ ಮುಲುಂಡಿನ ಅವನ ಮನೆಗೆ ಹೋದೆ. ಬಾಗಿಲು ತೆಗೆದವನು ತಲೆ ಬೋಳಾದ ಸುಧಾಕರ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ ಅವನಿಗೆ. ಚಹಾ ಬಂತು. ನಾನು ಬಿಸಿ ಆರುವವರೆಗೂ ಕಾಯದೆ, ಆ ಹಾಫ್ ಟೈಮಿನ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, ‘ನಿನ್ನ ಕೆಲಸ ಹೋದದ್ದು ನನ್ನಿಂದ ಕಣೋ’ ಎಂದೆ.

ಸುಧಾಕರ ನನ್ನನ್ನು ನೋಡಿದ, ಆಮೇಲೆ ಜೋರಾಗಿ ನಕ್ಕುಬಿಟ್ಟ. ‘ನೀನು ಬೆಂಚಿನ ಜನ ಮಾರಾಯ, ನಿನ್ನ ಮಾತು ಕೇಳಿ ಯೂನಿವರ್ಸಿಟಿ ಟೀಮು ಆರಿಸ್ತಾರಾ? ಮ್ಯಾಚು ಮುಗಿದ ಮೇಲೆ ಅವರು ನನ್ನ ಹತ್ರ ಬಂದಿದ್ರು. ನೀನು ಟವೆಲ್ ಹೆಕ್ಕುತ್ತಾ ಇದ್ದಿ. ಇಬ್ಬರ ಹೆಸರೂ ಬರೆದಿದ್ದೇನೆ, ಜಾಗ ಒಂದೇ ಉಂಟು, ನೀನು ಕ್ಯಾಪ್ಟನ್, ನೀನೇ ಹೇಳು, ನಿಮ್ಮಿಬ್ಬರಲ್ಲಿ ಯಾರು ಒಳ್ಳೆ ಆಟಗಾರ ಅಂತ ಕೇಳಿದ್ರು. ಬಸು ಅಂದೆ.’

ಒಳಗಿನಿಂದ ಬಂದ ಅವನ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ‘ಇದನ್ನು ನೀವು ನನಗೂ ಹೇಳಲಿಲ್ಲ’ ಎಂದರು.

‘ನಿನಗೆ ಕೆಲಸ ಬೇಕಿತ್ತಲ್ಲೋ’ ಎಂದು ಕೇಳಿದೆ.

‘ಬೇಕಿತ್ತು. ಆದ್ರೆ ಅವರು ಕೇಳಿದ್ದು ಕೆಲಸ ಯಾರಿಗೆ ಬೇಕು ಅಂತ ಅಲ್ಲವಲ್ಲ.’ ಆರಿದ ಚಹಾದ ಲೋಟವನ್ನು ನನ್ನ ಕಡೆ ಸರಿಸುತ್ತ ಹೇಳಿದ: ‘ಆ ದಿನ ಮನೆಗೆ ಹೋಗಿ ಅಮ್ಮನ ಮುಖ ನೋಡುವಾಗ ಬೇಸರ ಆಯ್ತು. ತುಂಬಾ ವರ್ಷ ಆಗ್ತಾ ಇತ್ತು. ಸುಳ್ಳು ಯಾಕೆ ಹೇಳುವುದು, ಈಗಲೂ ಕೆಲವು ಸಲ ಆಗ್ತದೆ. ಆದ್ರೆ ಬಸು ನನಗಿಂತ ಒಳ್ಳೆ ಆಡ್ತಿದ್ದ. ಅವನನ್ನು ಹಾಗೆ ಮಾಡಿದ್ದು ನಾವೇ ಅಲ್ವಾ?’

ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಪಾಪ ನನ್ನದೇ ಅಲ್ಲವೆಂದು ತಿಳಿದರೆ ಹಗುರಾಗಬೇಕು ತಾನೆ? ನನಗೆ ನಾಚಿಕೆಯಾಯಿತು. ಅವನ ಬದುಕನ್ನು ಕೆಡಿಸುವಷ್ಟು ದೊಡ್ಡವನು ನಾನು ಎಂದುಕೊಂಡು ಕೂತಿದ್ದೆನಲ್ಲ! ಹೊರಡುವಾಗ ಅವನು ಚಪ್ಪಲಿ ಹಾಕಿಕೊಂಡು ಕೆಳಗಿನವರೆಗೂ ಬಂದ. ರಿಕ್ಷಾ ಹತ್ತಿದ ಮೇಲೆ ಒಳಗೆ ಬಗ್ಗಿ ನೋಡಿ ಕೇಳಿದ: ‘ಅಲ್ಲ, ಇದೊಂದಕ್ಕೇನಾ ನೀನು ನನ್ನ ಮದುವೆಗೆ ಬಾರದ್ದು?’

ಹೌದು ಎಂದೆ. ಅವನು ನನ್ನ ಕೈ ಹಿಡಿದುಕೊಂಡು ನಿಂತ. ರಿಕ್ಷಾದವನು ಹಾರ್ನ್ ಹೊಡೆದರೂ ಬಿಡಲಿಲ್ಲ.