ಒಂದೇ ಪಾತ್ರೆಯ ಊಟ, ಎರಡು ಹೊಟ್ಟೆ

ಎಂಬತ್ತರ ದಶಕದ ಕೊನೆಯಲ್ಲಿ, ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಊಟ ಬಡಿಸುತ್ತಿದ್ದುದು ಅಮ್ಮನಲ್ಲ, ಅಪ್ಪನ ಅಕ್ಕ. ಅತ್ತೆ ಹಾಕಿದಷ್ಟೇ ಊಟ. ನನಗೆ ಅರ್ಧ ಮುದ್ದೆ, ತಂಗಿಗೆ ಒಂದೂವರೆ. ನಾನು ದಪ್ಪ, ಅವಳು ಕಡ್ಡಿ. ಇಬ್ಬರನ್ನೂ ಸಮ ಮಾಡಿಯೇ ತೀರುತ್ತೇನೆಂದು ಅವರು ಹಟ ತೊಟ್ಟಿದ್ದರು.

ಅರ್ಧ ಮುದ್ದೆ ಮುಗಿದರೂ ನನಗೆ ಊಟ ಶುರುವಾದಂತೆಯೇ ಅನ್ನಿಸುತ್ತಿರಲಿಲ್ಲ. ತಟ್ಟೆಯಂಚಿನ ಸಾರನ್ನು ಬೆರಳಿನಿಂದ ಬಳಿದರೆ ಅತ್ತೆ ಅಪ್ಪನಿಗೆ ಹೇಳುತ್ತಿದ್ದರು: "ನೋಡೋ, ಇವಳ ಬಾಯಿಗೆ ಬೀಗ ಹಾಕೋರೇ ಇಲ್ಲ." ಅಪ್ಪ ತಲೆ ಎತ್ತುತ್ತಿರಲಿಲ್ಲ. ಆ ಮೌನ ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಕ್ಕದಲ್ಲಿ ತಂಗಿ ನಾಲ್ಕು ತುತ್ತಿಗೇ ಸಾಕಾಗಿ ಕೂತಿರುತ್ತಿದ್ದಳು. "ನುಂಗೇ! ನುಂಗ್ದೆ ಎದ್ರೆ ಕಾಲು ಮುರೀತೀನಿ" ಎಂದು ಅತ್ತೆ ಅವಳ ದವಡೆ ಹಿಡಿದು ತುರುಕುತ್ತಿದ್ದರು. ಅವಳು ಬಚ್ಚಲಿಗೆ ಓಡಿ ವಾಂತಿ ಮಾಡುತ್ತಿದ್ದಳು. ಅನ್ನ ಹಾಳು ಮಾಡಿದಳೆಂದು ಅದಕ್ಕೂ ಏಟು ಬೀಳುತ್ತಿತ್ತು.

ಗೌರಿಬಿದನೂರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದು ಗೊತ್ತಾದಾಗ, ಅತ್ತೆ ನನ್ನ ರಾತ್ರಿಯೂಟವನ್ನೇ ನಿಲ್ಲಿಸಿದರು. ಬರೀ ಮಜ್ಜಿಗೆ. ಮೊದಮೊದಲು ಸ್ವಲ್ಪ ಇಳಿದೆ. ಆಮೇಲೆ ಹಸಿವು ಹುಚ್ಚಿನ ಹಾಗೆ ಏರಿತು. ಎದುರುಮನೆಯವರು ರೇಷ್ಮೆ ನೂಲು ತೆಗೆಯುತ್ತಿದ್ದರು. ನಾವು ಚಾಚಿ ಎನ್ನುತ್ತಿದ್ದ ಆ ಮನೆಯ ಹೆಂಗಸು ನನ್ನನ್ನು ಕರೆದು, "ಖಾಲಿ ಹೊಟ್ಟೇಲಿ ಯಾಕಮ್ಮಾ ಒದ್ದಾಡ್ತೀಯ, ತಿನ್ನು" ಎಂದು ರೊಟ್ಟಿ ಕೊಡುತ್ತಿದ್ದರು. ಬೆಂದ ರೇಷ್ಮೆಗೂಡಿನ ವಾಸನೆಯ ನಡುವೆ ನಿಂತುಕೊಂಡೇ ಗಬಗಬನೆ ತಿನ್ನುತ್ತಿದ್ದೆ. ಇಳಿದದ್ದೆಲ್ಲ ವಾಪಸು ಬಂತು, ಮೇಲಿಷ್ಟು ಸೇರಿಕೊಂಡಿತು.

ನೋಡಲು ಬಂದ ದಿನ ಹುಡುಗನ ತಾಯಿ ಉಪ್ಪಿಟ್ಟು ತಿನ್ನುತ್ತಲೇ ಹೇಳಿದರು: "ಮುಖ ಲಕ್ಷಣವಾಗೈತೆ. ತಿನ್ನೋದು ಕಮ್ಮಿ ಮಾಡ್ಸಿ, ಆಮೇಲೆ ನೋಡಣ." ಆ ಉಪ್ಪಿಟ್ಟು ಮಾಡಿದವಳು ನಾನು. ಒಂದು ಚಮಚವೂ ನನಗೆ ಸಿಕ್ಕಿರಲಿಲ್ಲ.

ಅದಾದ ಕೆಲವು ದಿನಗಳಲ್ಲಿ ತಂಗಿ ಸ್ಕೂಲಿನಲ್ಲಿ ತಲೆ ಸುತ್ತಿ ಬಿದ್ದಳು. ಅಮ್ಮ ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಚಿಂತಾಮಣಿಗೆ, ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಅತ್ತೆಯೂ ಬಂದರು. ಡಾಕ್ಟರು ಎಲ್ಲ ಕೇಳಿಸಿಕೊಂಡು ಹೇಳಿದರು: "ಊಟ ಒಳಗೆ ಹೋದ್ಮೇಲೆ ಹೊಟ್ಟೆ, ಕರುಳು ಎರಡೂ 'ಸಾಕು' ಅಂತ ತಲೆಗೆ ಸುದ್ದಿ ಕಳಿಸ್ತವೆ. ಎಲ್ಲರಿಗೂ ಒಂದೇ ಥರ ಹೋಗಲ್ಲ. ಚಿಕ್ಕವಳಿಗೆ ಬೇಗ ಹೋಗುತ್ತೆ, ದೊಡ್ಡವಳಿಗೆ ನಿಧಾನ ಇರ್ಬೋದು. ಉಪವಾಸ ಕೆಡವಿದ್ರೆ ಮೈ ಹೆದರ್ಕೊಂಡು ಹಸಿವು ಇನ್ನೂ ಜಾಸ್ತಿ ಮಾಡುತ್ತೆ. ಇದರಲ್ಲಿ ಮಕ್ಕಳ ತಪ್ಪೇನಿಲ್ಲ."

"ಅದೆಲ್ಲ ಮಾತು. ಬಾಯಿ ಕಟ್ಬೇಕು ಅಷ್ಟೇ" ಎಂದರು ಅತ್ತೆ.

"ಬಾಯಿ ಕಟ್ಟೋಕೆ ಇವರೇನು ಎತ್ತುಗಳಾ?" ಎಂದು ಡಾಕ್ಟರು ಗದರಿದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾನು ಹೊಟ್ಟೆಬಾಕಿಯೆಂದು ನಾನೇ ನಂಬಿಬಿಟ್ಟಿದ್ದೆನಲ್ಲ!

ಮನೆಗೆ ಬಂದ ದಿನವೇ ಅಮ್ಮ ಸೌಟು ಕೈಗೆ ತೆಗೆದುಕೊಂಡಳು. "ಅಕ್ಕಯ್ಯಾ, ನೀವು ಕೂತ್ಕೊಳ್ಳಿ. ನನ್ನ ಮಕ್ಳಿಗೆ ನಾನು ಬಡಿಸ್ತೀನಿ." ಅತ್ತೆ ಊಟ ಬಿಟ್ಟು ಎದ್ದು ಹೋದರು. ತಂಗಿ ತಿನ್ನುವಷ್ಟು ತಿಂದು ಎದ್ದಳು, ಯಾರೂ ತಡೆಯಲಿಲ್ಲ. ಬರಬರುತ್ತಾ ವಾಂತಿ ನಿಂತು ಅವಳ ಕೆನ್ನೆ ತುಂಬಿಕೊಂಡಿತು. ನಾನು ತೆಳ್ಳಗಾಗಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆಂಬ ಧೈರ್ಯ ಬಂದ ಮೇಲೆ ಆ ಹುಚ್ಚು ಹಸಿವು ಇಳಿಯಿತು, ದಪ್ಪವಾಗುವುದೂ ನಿಂತಿತು.

ತೊಂಬತ್ತರ ದಶಕದಲ್ಲಿ, ಅತ್ತೆ ತೀರಿಹೋದ ಮೇಲೆ, ಅವರನ್ನು ಯಾಕೆ ತಡೆಯಲಿಲ್ಲವೆಂದು ಒಮ್ಮೆ ಅಪ್ಪನನ್ನು ಕೇಳಿಯೇಬಿಟ್ಟೆ. "ನಾನೇನು ಮಾಡ್ಲಮ್ಮ, ಅಕ್ಕ ಹಿರಿಯೋಳು" ಎಂದರು.

"ನಾವು ನಿಮ್ಮ ಮಕ್ಕಳಾಗಿದ್ವಿ" ಎಂದೆ. ಅವರು ಆಗಲೂ ತಲೆ ಎತ್ತಲಿಲ್ಲ.